ಪಿಯುಸಿ ಆದಮೇಲೆ ದೆಹಲಿ ಯೂನಿವರ್ಸಿಟಿ: ಸೀಟು, ಖರ್ಚು, ಡಿಗ್ರಿ ಮುಗಿದ ಮೇಲಿನ ಲೆಕ್ಕ

ದೆಹಲಿ ಯೂನಿವರ್ಸಿಟಿಯಲ್ಲಿ ವರ್ಷದ ಫೀಸ್ ಇಪ್ಪತ್ತು ಮೂವತ್ತು ಸಾವಿರ ಅಷ್ಟೇ ಅಂತೆ, ಬೆಂಗಳೂರಿನ ಖಾಸಗಿ ಕಾಲೇಜಿಗೆ ಲಕ್ಷಗಟ್ಟಲೆ ಸುರಿಯೋದಕ್ಕಿಂತ ಅಲ್ಲಿಗೇ ಕಳಿಸಿಬಿಡೋಣ. ಪಿಯುಸಿ ರಿಸಲ್ಟ್ ಬಂದ ವಾರ ಈ ಮಾತು ಬಹಳ ಮನೆಗಳಲ್ಲಿ ಕೇಳಿಬರುತ್ತದೆ. ಫೀಸಿನ ಮಾತು ನಿಜ. ಆದರೆ ಕರ್ನಾಟಕದಿಂದ ಹೋಗುವ ಹುಡುಗ ಹುಡುಗಿಯರ ಒಟ್ಟು ಖರ್ಚಿನಲ್ಲಿ ಫೀಸಿನ ಪಾಲು ತೀರಾ ಕಡಿಮೆ, ದುಡ್ಡು ಹೋಗೋದೆಲ್ಲ ರೂಮಿಗೆ. ಜೊತೆಗೆ, ಆ ವಾರ ಯೋಚನೆ ಶುರು ಮಾಡಿದರೆ ತಡ ಆಗಿಹೋಗಿರುತ್ತದೆ, ಯಾಕೆಂದರೆ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕುವ ಕೊನೆ ದಿನ ಸಾಮಾನ್ಯವಾಗಿ ಪಿಯು ರಿಸಲ್ಟಿಗಿಂತ ಮುಂಚೆಯೇ ಮುಗಿದಿರುತ್ತದೆ.

ಹಾಗಾಗಿ ಮೊದಲಿಂದ ಹೇಳುತ್ತೇನೆ. ಇದು ಪಿಯು ಓದುತ್ತಿರುವವರಿಗೆ, ಅವರ ಅಪ್ಪ ಅಮ್ಮಂದಿರಿಗೆ. ಸದ್ಯ ಹತ್ತನೇ ಕ್ಲಾಸಿನಲ್ಲಿರುವ ಮಕ್ಕಳ ಮನೆಯವರು ಓದಿದರೆ ಇನ್ನೂ ಒಳ್ಳೆಯದು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ದೆಹಲಿ ಯೂನಿವರ್ಸಿಟಿ, ಅಂದರೆ ಡಿಯು, 1922ರಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾಲಯ. ಅದರ ಕೆಳಗೆ ಸುಮಾರು 90 ಕಾಲೇಜುಗಳಿವೆ, ಡಿಗ್ರಿಗೆ ವರ್ಷಕ್ಕೆ ಸುಮಾರು 71 ಸಾವಿರ ಸೀಟು. ಹಿಂದೂ ಕಾಲೇಜು, ಮಿರಾಂಡಾ ಹೌಸ್, ಎಸ್‌ಆರ್‌ಸಿಸಿ, ಲೇಡಿ ಶ್ರೀರಾಮ್, ಸೇಂಟ್ ಸ್ಟೀಫನ್ಸ್ ಅಂತೆಲ್ಲ ನೀವು ಕೇಳಿರುವ ಹೆಸರುಗಳು ಈ 90ರಲ್ಲಿ ಹತ್ತೋ ಹನ್ನೆರಡೋ ಇರಬಹುದು. ಉಳಿದವುಗಳ ಹೆಸರು ನಮ್ಮ ಕಡೆ ಯಾರಿಗೂ ಗೊತ್ತಿಲ್ಲ. ಆದರೆ ಹೆಚ್ಚಿನ ಸೀಟುಗಳು ಇರೋದು ಅಲ್ಲೇ. "ಡಿಯುನಲ್ಲಿ ಸೀಟು ಸಿಕ್ತು" ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳೋದು, ಯಾವ ಕಾಲೇಜು, ಯಾವ ಕೋರ್ಸು ಅಂತ.

ಮೊದಲ ಹೆಜ್ಜೆ: ಪಿಯು ಕಾಂಬಿನೇಷನ್ ನೋಡಿಕೊಳ್ಳಿ

2022ರಿಂದ ಡಿಯು ಡಿಗ್ರಿ ಸೀಟುಗಳು ಸಿಯುಇಟಿ ಅನ್ನುವ ದೇಶಮಟ್ಟದ ಪ್ರವೇಶ ಪರೀಕ್ಷೆಯ ಅಂಕದ ಮೇಲೆ ಹಂಚಿಕೆ ಆಗುತ್ತವೆ. ಪಿಯುನಲ್ಲಿ ಪಾಸಾಗಿರಬೇಕು, ಕೋರ್ಸು ಕೇಳುವ ವಿಷಯ ಓದಿರಬೇಕು. ಸೀಟು ತಂದುಕೊಡೋದು ಮಾತ್ರ ಸಿಯುಇಟಿ ಅಂಕ. ಇಬ್ಬರ ಅಂಕ ಸಮ ಬಂದಾಗ ಪಿಯು ಪರ್ಸೆಂಟೇಜ್ ನೋಡುತ್ತಾರೆ, ಅಷ್ಟರ ಮಟ್ಟಿಗೆ ಅದಕ್ಕೆ ಬೆಲೆ. ಪಿಯುನಲ್ಲಿ 98 ಬಂದಿದೆ ಅಂತ ಸುಮ್ನೆ ಕೂತರೆ ಆಗೋದಿಲ್ಲ.

ಇಲ್ಲಿ ನಮ್ಮವರಿಗೆ ಎಡವಟ್ಟಾಗುವ ಜಾಗ ಒಂದಿದೆ. ಹನ್ನೆರಡನೇ ತರಗತಿಯಲ್ಲಿ ಓದಿದ ವಿಷಯಗಳಲ್ಲಿ ಮಾತ್ರ ಸಿಯುಇಟಿ ಬರೆಯಬೇಕು ಅನ್ನೋದು ಡಿಯು ನಿಯಮ. ಬಿ.ಎ. ಆನರ್ಸ್ (ಒಂದೇ ವಿಷಯವನ್ನು ಮುಖ್ಯವಾಗಿ ಓದುವ ಡಿಗ್ರಿ) ಎಕನಾಮಿಕ್ಸ್‌ಗೆ ಗಣಿತ ಬೇಕೇ ಬೇಕು. ನಮ್ಮಲ್ಲಿ ಕಾಮರ್ಸ್ ತಗೊಂಡವರು ಬಹಳ ಜನ ಸಿಇಬಿಎ ಅಥವಾ ಎಸ್‌ಇಬಿಎ ಓದುತ್ತಾರೆ. ಒಂದರಲ್ಲಿ ಕಂಪ್ಯೂಟರ್ ಸೈನ್ಸ್, ಇನ್ನೊಂದರಲ್ಲಿ ಸ್ಟ್ಯಾಟಿಸ್ಟಿಕ್ಸ್, ಎರಡರಲ್ಲೂ ಗಣಿತ ಇಲ್ಲ. ಸ್ಟ್ಯಾಟಿಸ್ಟಿಕ್ಸ್ ಇದೆಯಲ್ಲ ಅಂದರೆ ಅವರು ಕೇಳೋದಿಲ್ಲ. ಎರಡು ವರ್ಷ ಚೆನ್ನಾಗಿ ಓದಿದ ಹುಡುಗಿ ಕೊನೆಗೆ ಬಂದು ನೋಡಿದರೆ ಎಕನಾಮಿಕ್ಸ್ ಬಾಗಿಲು ಮುಚ್ಚಿರುತ್ತದೆ. ಬಿ.ಕಾಂ. ಆನರ್ಸ್‌ಗೆ ಈ ತೊಂದರೆ ಇಲ್ಲ, ಗಣಿತ ಇಲ್ಲದಿದ್ದರೆ ಅಕೌಂಟೆನ್ಸಿ ಇದ್ದರೂ ನಡೆಯುತ್ತದೆ. ಎಚ್‌ಇಪಿಎಸ್ ಓದಿದವರಿಗೆ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರದ ಆನರ್ಸ್ ಕೋರ್ಸುಗಳೆಲ್ಲ ತೆರೆದಿವೆ. ನಮ್ಮ ಆರ್ಟ್ಸ್ ಮಕ್ಕಳು ಇದನ್ನು ಉಪಯೋಗಿಸಿಕೊಳ್ಳೋದು ಕಡಿಮೆ ಅನ್ನೋದು ನನಗೆ ಬೇಜಾರಿನ ಸಂಗತಿ. ನಮ್ಮಲ್ಲಿ ಆರ್ಟ್ಸ್ ಅಂದರೆ ಮೂಗು ಮುರಿಯುತ್ತಾರೆ, ಅಲ್ಲಿ ಹಿಂದೂ ಕಾಲೇಜಿನ ರಾಜ್ಯಶಾಸ್ತ್ರದ ಸೀಟಿಗೆ ದೇಶದ ನಾನಾ ಕಡೆಯಿಂದ ಬಂದು ನುಗ್ಗಾಡುತ್ತಾರೆ.

ಪ್ರತಿ ಕೋರ್ಸಿಗೂ ಯಾವ ಯಾವ ಸಿಯುಇಟಿ ಪೇಪರ್ ಬೇಕು ಅಂತ ಡಿಯು ಪ್ರತಿವರ್ಷ ಬುಲೆಟಿನ್‌ನಲ್ಲಿ ಹಾಕುತ್ತದೆ. ಕಾಮರ್ಸ್, ಆರ್ಟ್ಸ್ ಕಡೆ ಸಾಮಾನ್ಯವಾಗಿ ಒಂದು ಭಾಷೆ, ಜೊತೆಗೆ ಮೂರು ವಿಷಯ. ಒಂದೊಂದು ಪೇಪರಿಗೆ 250, ಒಟ್ಟು 1000. ಸೈನ್ಸ್ ಆನರ್ಸ್‌ಗಳಲ್ಲಿ ಭಾಷೆಯಲ್ಲಿ ಶೇ. 30 ಬಂದರೆ ಸಾಕು, ರ‍್ಯಾಂಕ್ ಲೆಕ್ಕ ವಿಜ್ಞಾನದ ಮೂರು ಪೇಪರಿನ ಮೇಲೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತೇ ಇಲ್ಲ. ಆ ಭಾಷಾ ಪೇಪರ್ ಇಂಗ್ಲಿಷೇ ಆಗಬೇಕು ಅಂತಿಲ್ಲ. ಸಿಯುಇಟಿಯ 13 ಭಾಷೆಗಳಲ್ಲಿ ಕನ್ನಡವೂ ಒಂದು. ಪಿಯುನಲ್ಲಿ ಕನ್ನಡ ಓದಿದ್ದರೆ ಬಿ.ಕಾಂ., ಎಕನಾಮಿಕ್ಸ್, ಇತಿಹಾಸದಂಥ ಕೋರ್ಸುಗಳಿಗೆ ಕನ್ನಡ ಪೇಪರಿನ ಅಂಕವನ್ನೇ ಭಾಷೆಯ ಅಂಕವಾಗಿ ಕೊಡಬಹುದು. ಇಂಗ್ಲಿಷ್ ಆನರ್ಸ್‌ಗೆ ಮಾತ್ರ ಇಂಗ್ಲಿಷೇ ಬೇಕು. ಗದ್ಯ ಓದಿ ಉತ್ತರಿಸೋದು, ಪದಗಳ ಅರ್ಥ, ಇಂಥದ್ದೇ ಇರುತ್ತದೆ. ಮನೆಯಲ್ಲಿ ದಿನಾ ಪೇಪರ್ ಓದುವ ಅಭ್ಯಾಸ ಇರುವ ಹಳ್ಳಿ ಹುಡುಗನಿಗೆ ಇಂಗ್ಲಿಷ್ ಪೇಪರಿನಲ್ಲಿ ಕಳೆದುಕೊಳ್ಳುವ ಮೂವತ್ತು ನಲವತ್ತು ಅಂಕ ಇಲ್ಲಿ ಉಳಿಯಬಹುದು. ಎರಡೂ ಮಾದರಿ ಪೇಪರ್ ಮನೆಯಲ್ಲಿ ಬರೆಸಿ ನೋಡಿ ಆಮೇಲೆ ತೀರ್ಮಾನ ಮಾಡಿ. ಆದರೆ ಒಂದು ಎಚ್ಚರ: ಅಲ್ಲಿ ಪಾಠ ನಡೆಯೋದು ಇಂಗ್ಲಿಷಿನಲ್ಲಿ, ಕೆಲವು ಕಡೆ ಹಿಂದಿ ಬೆರೆಸಿ. ಸೀಟು ಕನ್ನಡದಲ್ಲಿ ಸಿಕ್ಕಿದರೂ ಓದೋದು ಇಂಗ್ಲಿಷಿನಲ್ಲೇ.

ಎರಡನೇ ಹೆಜ್ಜೆ: ಹೋಗಬೇಕೋ ಬೇಡವೋ ಅನ್ನೋದನ್ನ ಪೆನ್ನು ಹಿಡಿದು ಲೆಕ್ಕ ಹಾಕಿ

ಕಾಲೇಜು ಕಾಲೇಜಿಗೆ ಫೀಸ್ ಬೇರೆ. ಸಾಮಾನ್ಯ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಕೋರ್ಸುಗಳಿಗೆ ಹೆಚ್ಚಿನ ಕಡೆ ವರ್ಷಕ್ಕೆ ಹತ್ತರಿಂದ ಮೂವತ್ತು ಸಾವಿರದ ಒಳಗೆ, ಸೇಂಟ್ ಸ್ಟೀಫನ್ಸ್‌ನಂಥ ಕಡೆ ಅದಕ್ಕಿಂತ ಜಾಸ್ತಿ. ಡಿಯು ಬಿ.ಟೆಕ್. ಬೇರೆಯೇ ಕಥೆ. 2023ರಲ್ಲಿ ಶುರುವಾದದ್ದು, ಪ್ರವೇಶ ಜೆಇಇ ಮೇನ್ ಮೂಲಕ, ಫೀಸ್ ವರ್ಷಕ್ಕೆ ಎರಡು ಲಕ್ಷದ ಮೇಲೆ. ಅದನ್ನು ಇದರ ಜೊತೆ ಸೇರಿಸಬೇಡಿ.

ಈಗ ರೂಮು. ಎಲ್ಲ ಕಾಲೇಜಿಗೂ ಹಾಸ್ಟೆಲ್ ಇಲ್ಲ. ಇರುವ ಕಡೆಯೂ ಸೀಟು ಬೆರಳೆಣಿಕೆಯಷ್ಟು, ಅದಕ್ಕೆ ಬೇರೆ ಅರ್ಜಿ, ಬೇರೆ ಮೆರಿಟ್ ಪಟ್ಟಿ. ಕಾಲೇಜಿನಲ್ಲಿ ಸೀಟು ಸಿಕ್ಕಿದ ಮಾತ್ರಕ್ಕೆ ಹಾಸ್ಟೆಲ್ ಸಿಗುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಬೇಡಿ. ಸಿಗದವರೆಲ್ಲ ಪಿಜಿಗೆ ಹೋಗುತ್ತಾರೆ. ನಾರ್ತ್ ಕ್ಯಾಂಪಸ್ ಆದರೆ ಕಮಲಾ ನಗರ್, ವಿಜಯ ನಗರ್, ಹಡ್ಸನ್ ಲೇನ್, ಮುಖರ್ಜಿ ನಗರ್ ಕಡೆ. ಸೌತ್ ಕ್ಯಾಂಪಸ್ ಆದರೆ ಸತ್ಯ ನಿಕೇತನ್. ಲೇಡಿ ಶ್ರೀರಾಮ್ ಸುತ್ತ ಅಮರ್ ಕಾಲೊನಿ, ಲಾಜಪತ್ ನಗರ್. ಊಟ ಸೇರಿಸಿ ತಿಂಗಳಿಗೆ 12 ಸಾವಿರದಿಂದ 20 ಸಾವಿರ ಅಂತ ಇಟ್ಟುಕೊಳ್ಳಿ. ಕಾಲೇಜಿನ ಗೇಟಿಗೆ ಹತ್ತಿರವಾದಷ್ಟೂ ಏರುತ್ತದೆ, ಒಬ್ಬರೇ ಇರುವ ರೂಮು ಬೇಕೆಂದರೆ ಇನ್ನೂ ಏರುತ್ತದೆ.

ತಿಂಗಳಿಗೆ 15 ಸಾವಿರ ಅಂತ ಹಿಡಿದರೆ 11 ತಿಂಗಳಿಗೆ 1 ಲಕ್ಷ 65 ಸಾವಿರ. ಫೀಸ್ 25 ಸಾವಿರ. ವರ್ಷಕ್ಕೆ ಎರಡು ಸಲ ಊರಿಗೆ ಬಂದು ಹೋಗೋದು, ಅದರಲ್ಲಿ ಒಂದಾದರೂ ಕೊನೇ ಗಳಿಗೆಯ ವಿಮಾನ ಆಗಿಯೇ ಆಗುತ್ತದೆ. ಮೆಟ್ರೊ, ಪುಸ್ತಕ, ಫೋನು, ಹೊರಗಿನ ತಿಂಡಿ, ಮೊದಲ ವರ್ಷ ಚಳಿಗೆ ಜಾಕೆಟ್ಟು, ರಜಾಯಿ. ಇದೆಲ್ಲ ಕೂಡಿದರೆ ನನ್ನ ಅಂದಾಜಿನಲ್ಲಿ ವರ್ಷಕ್ಕೆ ಎರಡೂವರೆಯಿಂದ ಮೂರು ಲಕ್ಷ. ಮೈಸೂರಿನವರು ಮೈಸೂರಿನಲ್ಲೇ ಸರ್ಕಾರಿ ಕಾಲೇಜಿಗೆ ಹೋಗೋದಕ್ಕೆ ಇದನ್ನು ಹೋಲಿಸಿದರೆ ಇದು ದುಬಾರಿ. ರಾಯಚೂರಿನವರು ಬೆಂಗಳೂರಿನಲ್ಲಿ ಪಿಜಿ ಹಿಡಿದು ಖಾಸಗಿ ಕಾಲೇಜಿಗೆ ಲಕ್ಷ ಕಟ್ಟೋದಕ್ಕೆ ಹೋಲಿಸಿದರೆ ಇದು ಅಗ್ಗ. ನಿಮ್ಮ ಮನೆ ಎಲ್ಲಿದೆ ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ. ಪಕ್ಕದ ಮನೆಯವರು ಕಳಿಸಿದರು ಅಂತ ನೀವು ಕಳಿಸಬೇಕಾಗಿಲ್ಲ.

ಸಹಾಯ ಎಲ್ಲಿಂದ ಬರಬಹುದು? ಎಸ್‌ಸಿ, ಎಸ್‌ಟಿ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ ಕೊಡೋದು ವಿದ್ಯಾರ್ಥಿಯ ಸ್ವಂತ ರಾಜ್ಯ. ಹೊರರಾಜ್ಯದಲ್ಲಿ ಓದುತ್ತಿದ್ದರೂ ಕರ್ನಾಟಕದವರು ಕೇಳಬೇಕಾದ್ದು ಕರ್ನಾಟಕವನ್ನೇ. ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇ. 20ರೊಳಗೆ ಬಂದು, ಮನೆಯ ಆದಾಯ 4.5 ಲಕ್ಷದ ಒಳಗಿದ್ದರೆ ಕೇಂದ್ರದ ಸೆಂಟ್ರಲ್ ಸೆಕ್ಟರ್ ವಿದ್ಯಾರ್ಥಿವೇತನ ಇದೆ, ಡಿಗ್ರಿಗೆ ವರ್ಷಕ್ಕೆ 12 ಸಾವಿರ, ಅರ್ಜಿ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ. ಸಾಲ ಬೇಕಿದ್ದರೆ 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ನೋಡಿ. ಅದರ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಜಾಮೀನಿಲ್ಲದೆ ಸಾಲ ಕೊಡುತ್ತಾರೆ, ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ. 3 ರಿಯಾಯಿತಿ ಇದೆ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯಾ ಅಂತ ಮೊದಲು ನೋಡಿ, ಆಮೇಲೆ ಬ್ಯಾಂಕಿಗೆ ಹೋಗಿ. ಇದಲ್ಲದೆ ಕಾಲೇಜುಗಳು ಬಡ ಮಕ್ಕಳಿಗೆ ಫೀಸ್ ಮಾಫಿ ಕೊಡುತ್ತವೆ. ಸೇರಿದ ಮೊದಲ ತಿಂಗಳಲ್ಲೇ ನೋಟಿಸ್ ಬೋರ್ಡ್ ನೋಡುತ್ತಿರಿ, ಯಾರೂ ಕರೆದು ಕೊಡೋದಿಲ್ಲ.

ಮೂರನೇ ಹೆಜ್ಜೆ: ಕಾಲೇಜಿನ ಬ್ಯಾನರ್ ಬಿಡಿ, ಎನ್‌ಐಆರ್‌ಎಫ್ ಪಿಡಿಎಫ್ ತೆಗೆಯಿರಿ

ಎನ್‌ಐಆರ್‌ಎಫ್ ಅಂದರೆ ಕೇಂದ್ರ ಶಿಕ್ಷಣ ಸಚಿವಾಲಯದ ರ‍್ಯಾಂಕಿಂಗ್. 2024ರಲ್ಲೂ 2025ರಲ್ಲೂ ಕಾಲೇಜುಗಳ ಪಟ್ಟಿಯಲ್ಲಿ ಹಿಂದೂ ಕಾಲೇಜು ಮೊದಲು, ಮಿರಾಂಡಾ ಹೌಸ್ ಎರಡನೇದು. ಆ ರ‍್ಯಾಂಕ್ ನನಗೆ ಅಷ್ಟು ಮುಖ್ಯ ಅಲ್ಲ. ರ‍್ಯಾಂಕಿಂಗಿಗಾಗಿ ಕಾಲೇಜು ಸಲ್ಲಿಸಿದ ಮಾಹಿತಿಯ ಪಿಡಿಎಫ್ ಆಯಾ ಕಾಲೇಜಿನ ವೆಬ್‌ಸೈಟಿನಲ್ಲೇ ಇರುತ್ತದೆ, ಅದು ಮುಖ್ಯ. ಡಿಯು ಅಷ್ಟೇ ಅಲ್ಲ, ಬೆಂಗಳೂರಿನ ಕಾಲೇಜುಗಳದ್ದೂ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಬಹಳ ಭ್ರಮೆ ಇಳಿಯುತ್ತದೆ.

ಅದನ್ನು ತೆರೆದರೆ ಮೊದಲು ಮಂಜೂರಾದ ಸೀಟಿನ ಸಂಖ್ಯೆ ಕಾಣುತ್ತದೆ. ಅದರ ಕೆಳಗೆ ಈಗ ಓದುತ್ತಿರುವವರ ಉದ್ದದ ಸಾಲು: ಗಂಡು ಎಷ್ಟು, ಹೆಣ್ಣು ಎಷ್ಟು, ರಾಜ್ಯದ ಒಳಗಿನವರು ಎಷ್ಟು, ಹೊರಗಿನವರು ಎಷ್ಟು, ಪೂರ್ತಿ ಫೀಸ್ ವಾಪಸು ಪಡೆದವರು ಎಷ್ಟು, ಅದನ್ನು ಸರ್ಕಾರ ಕೊಟ್ಟಿತೋ ಕಾಲೇಜು ಕೊಟ್ಟಿತೋ. ಹೊರರಾಜ್ಯದವರ ಸಂಖ್ಯೆ ಚೆನ್ನಾಗಿದ್ದರೆ ಸುತ್ತಮುತ್ತ ಪಿಜಿ, ಮೆಸ್ ಇರುತ್ತವೆ, ನಿಮ್ಮ ಮಗಳು ಕ್ಲಾಸಿನಲ್ಲಿ ಒಂಟಿ ಆಗೋದಿಲ್ಲ ಅಂತ ಅರ್ಥ ಮಾಡಿಕೊಳ್ಳಬಹುದು. ಕಾಲೇಜೇ ತನ್ನ ದುಡ್ಡಿನಿಂದ ಎಷ್ಟು ಜನರ ಫೀಸ್ ಕೊಟ್ಟಿದೆ ಅನ್ನುವ ಕಾಲಂ ಸೊನ್ನೆ ಇದ್ದರೆ ಅದೂ ಒಂದು ಸುದ್ದಿಯೇ.

ಅದಾದ ಮೇಲೆ ಬರೋದು ಪ್ಲೇಸ್‌ಮೆಂಟ್ ಮತ್ತು ಉನ್ನತ ವ್ಯಾಸಂಗದ ಕೋಷ್ಟಕ. ಇಲ್ಲಿ ನಿಧಾನ ಮಾಡಿ. ಮೊದಲ ವರ್ಷಕ್ಕೆ ಸೇರಿದವರು, ಸರಿಯಾದ ಸಮಯಕ್ಕೆ ಮುಗಿಸಿದವರು, ಕೆಲಸ ಸಿಕ್ಕಿದವರು, ಅವರ ಮೀಡಿಯನ್ ಸಂಬಳ, ಮುಂದೆ ಓದಲು ಹೋದವರು. ಎಲ್ಲವೂ ಒಂದೇ ಸಾಲಿನಲ್ಲಿ ಇರುತ್ತದೆ. ಒಂದು ಕಾಲ್ಪನಿಕ ಉದಾಹರಣೆ ತಗೊಳ್ಳಿ. 1000 ಜನ ಸೇರಿದರು, 850 ಜನ ಸಮಯಕ್ಕೆ ಮುಗಿಸಿದರು, 120 ಜನಕ್ಕೆ ಕೆಲಸ, ಮೀಡಿಯನ್ ಸಂಬಳ 7 ಲಕ್ಷ, 400 ಜನ ಮುಂದೆ ಓದಲು ಹೋದರು. ಬ್ಯಾನರಿನಲ್ಲಿ ಬರೋದು "7 ಲಕ್ಷ". ಆದರೆ ಅದು 120 ಜನರ ಮಧ್ಯದವನ ಸಂಬಳ, 850 ಜನರದ್ದಲ್ಲ. 850ರಲ್ಲಿ 120, 400 ಕಳೆದರೆ 330 ಜನ ಉಳಿದರು. ಅವರು ಏನಾದರು? ಕೆಲವರು ಮನೆ ವ್ಯಾಪಾರ ನೋಡಿಕೊಂಡಿರಬಹುದು, ಕೆಲವರು ಯುಪಿಎಸ್‌ಸಿಗೆ ಓದುತ್ತಿರಬಹುದು, ಕೆಲವರು ಸುಮ್ಮನೆ ಕಾಯುತ್ತಿರಬಹುದು. ಕೋಷ್ಟಕ ಹೇಳೋದಿಲ್ಲ. ಸೇರಿದ 1000ದಲ್ಲಿ ಸಮಯಕ್ಕೆ ಮುಗಿಸದ 150 ಜನ ಬೇರೆ.

ಇನ್ನೊಂದು ಮಿತಿ ಗಮನಿಸಿ. ಆ ಸಾಲು ಇಡೀ ಕಾಲೇಜಿನದ್ದು, ವಿಭಾಗವಾರು ಅಲ್ಲ. ಎಕನಾಮಿಕ್ಸ್ ಓದಿದವರೂ ಸಂಸ್ಕೃತ ಓದಿದವರೂ ಒಂದೇ ಸಂಖ್ಯೆಯೊಳಗೆ. ಜೊತೆಗೆ ಅದು ಕಾಲೇಜು ತಾನೇ ಕೊಟ್ಟ ಲೆಕ್ಕ. ಹಾಗಾಗಿ ಒಂದು ವರ್ಷದ್ದು ನೋಡಿ ಬಿಡಬೇಡಿ. ಪಿಡಿಎಫ್‌ನಲ್ಲೇ ಮೂರು ವರ್ಷದ ಸಾಲು ಕೊಟ್ಟಿರುತ್ತಾರೆ, ಮೂರನ್ನೂ ಓದಿ.

ನನ್ನ ಅಭಿಪ್ರಾಯ ಕೇಳಿದರೆ, ಎಸ್‌ಆರ್‌ಸಿಸಿಯಂಥ ಒಂದಷ್ಟು ಕಾಲೇಜು ಬಿಟ್ಟರೆ ಡಿಯು ಡಿಗ್ರಿಯನ್ನು ಕ್ಯಾಂಪಸ್ ಕೆಲಸಕ್ಕಾಗಿ ತಗೊಳ್ಳಬಾರದು. ಡಿಯು ಕೊಡೋದು ಬೇರೆ. ಒಳ್ಳೆಯ ವಿಭಾಗ, ದೇಶದ ಎಲ್ಲ ಕಡೆಯಿಂದ ಬಂದ ಸಹಪಾಠಿಗಳು, ಚರ್ಚೆ, ನಾಟಕ, ಸಂಘ, ಚುನಾವಣೆ, ಲೈಬ್ರರಿ, ಎಂ.ಎ., ಕಾನೂನು, ಎಂಬಿಎ, ಸಿವಿಲ್ ಸರ್ವಿಸ್ ಕಡೆ ಹೋಗುವ ದಾರಿ. ಡಿಗ್ರಿ ಮುಗಿದ ತಿಂಗಳಿಂದಲೇ ಮನೆಗೆ ಸಂಬಳ ಬರಬೇಕು ಅನ್ನುವ ಪರಿಸ್ಥಿತಿ ಇದ್ದರೆ, ಮುಖ ನೋಡದೆ ಹೇಳುತ್ತೇನೆ, ಹೆಸರು ಕೇಳದ ಕಾಲೇಜಿನ ಬಿ.ಎ. ಪ್ರೋಗ್ರಾಂಗಾಗಿ (ಆನರ್ಸ್ ಅಲ್ಲದ ಬಿ.ಎ.) ಎರಡು ಸಾವಿರ ಕಿಲೋಮೀಟರ್ ದೂರ ಹೋಗಬೇಡಿ.

ನಾಲ್ಕನೇ ಹೆಜ್ಜೆ: ಕಾಗದ ಪತ್ರ, ಅದರಲ್ಲೂ ಇನಿಷಿಯಲ್

ನಮ್ಮ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ "ಕಾವ್ಯ ಎಂ ಆರ್" ಅಂತ ಇರುತ್ತದೆ. ಆಧಾರಿನಲ್ಲಿ ಬರೀ "ಕಾವ್ಯ", ಇಲ್ಲವೇ ಇನಿಷಿಯಲ್ ಮುಂದೆ ಬಂದು "ಎಂ ಆರ್ ಕಾವ್ಯ". ನಮಗೆ ಇದು ದೊಡ್ಡ ವಿಷಯವೇ ಅಲ್ಲ. ಆದರೆ ಸಿಯುಇಟಿ ನಡೆಸುವ ಎನ್‌ಟಿಎ ಅರ್ಜಿಯಲ್ಲಿ, ಆಮೇಲೆ ಡಿಯು ಅರ್ಜಿಯಲ್ಲಿ, ಕೊನೆಗೆ ಕಾಲೇಜಿನ ಪರಿಶೀಲನೆಯಲ್ಲಿ ಮೂರು ಕಡೆಯೂ ಇದು ಎದುರಾಗುತ್ತದೆ. ಮಾರ್ಕ್ಸ್ ಕಾರ್ಡಿನಲ್ಲಿ ಹೇಗಿದೆಯೋ ಹಾಗೇ ಆಧಾರ್ ತಿದ್ದಿಸಿಕೊಳ್ಳಿ, ಡಿಸೆಂಬರ್ ಒಳಗೆ. ಅಪ್ಪ ಅಮ್ಮನ ಹೆಸರಿಗೂ ಇದೇ ಮಾತು.

ಮೀಸಲಾತಿ ಕೇಳುವವರು ಇನ್ನೂ ಜಾಗ್ರತೆ ವಹಿಸಬೇಕು. 2ಎ, 2ಬಿ, 3ಎ, 3ಬಿ, ಪ್ರವರ್ಗ 1 ಇವೆಲ್ಲ ನಮ್ಮ ರಾಜ್ಯದ ವಿಂಗಡಣೆ. ಡಿಯುಗೆ ಅವು ಲೆಕ್ಕಕ್ಕಿಲ್ಲ, ಅಲ್ಲಿ ನಡೆಯೋದು ಕೇಂದ್ರದ ಒಬಿಸಿ ಪಟ್ಟಿ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ವೆಬ್‌ಸೈಟಿನಲ್ಲಿ ಕರ್ನಾಟಕದ ಪಟ್ಟಿ ತೆಗೆದು ನಿಮ್ಮ ಜಾತಿಯ ಹೆಸರು, ಕಾಗುಣಿತ ಸಮೇತ ನೋಡಿ. ಇದ್ದರೆ ನಾಡಕಚೇರಿಯಲ್ಲಿ ಕೇಂದ್ರ ಸರ್ಕಾರದ ನಮೂನೆಯ ಒಬಿಸಿ ನಾನ್ ಕ್ರೀಮಿ ಲೇಯರ್ ಸರ್ಟಿಫಿಕೇಟ್ ಅಂತ ಬಿಡಿಸಿ ಕೇಳಿ. ಸುಮ್ನೆ ಜಾತಿ ಆದಾಯ ಅಂದರೆ ಅವರು ರಾಜ್ಯದ್ದೇ ಕೊಡುತ್ತಾರೆ. ಒಬಿಸಿಗೂ ಇಡಬ್ಲ್ಯುಎಸ್‌ಗೂ (ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿ) ಆಯಾ ಆರ್ಥಿಕ ವರ್ಷದ್ದೇ ಬೇಕಾಗುತ್ತದೆ, ಅಂದರೆ ಏಪ್ರಿಲ್ ಆದಮೇಲೆ ಮಾಡಿಸಿದ್ದು. ಹೋದ ವರ್ಷ ಮಾಡಿಸಿಟ್ಟಿದ್ದೇವೆ ಅಂತ ನೆಮ್ಮದಿಯಾಗಿರಬೇಡಿ.

ಒಬ್ಬಳೇ ಮಗಳಿರುವ ಮನೆಯವರು ಇದನ್ನೂ ನೋಡಿ: 2023ರಿಂದ ಪ್ರತಿ ಕಾಲೇಜಿನ ಪ್ರತಿ ಕೋರ್ಸಿನಲ್ಲಿ ಒಂದು ಸೀಟು ಪೋಷಕರ ಏಕೈಕ ಹೆಣ್ಣುಮಗುವಿಗೆ ಅಂತ ಹೆಚ್ಚುವರಿಯಾಗಿ ಇಟ್ಟಿದ್ದಾರೆ. ಅರ್ಜಿಯಲ್ಲಿ ಆ ಕಾಲಂ ತುಂಬಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಐದನೇ ಹೆಜ್ಜೆ: ಪರೀಕ್ಷೆ

ಇದರ ಬಗ್ಗೆ ಜಾಸ್ತಿ ಹೇಳೋದಿಲ್ಲ, ಯೂಟ್ಯೂಬ್ ತುಂಬ ಇದೇ ಇದೆ. 2025ರ ಪದ್ಧತಿ ಹೀಗಿತ್ತು: ಕಂಪ್ಯೂಟರ್ ಮೇಲೆ ಪರೀಕ್ಷೆ, ಗರಿಷ್ಠ 5 ವಿಷಯ, ಒಂದೊಂದಕ್ಕೆ 60 ನಿಮಿಷ, 50 ಪ್ರಶ್ನೆ, ಸರಿಗೆ 5 ಅಂಕ, ತಪ್ಪಿಗೆ 1 ಕಡಿತ. ಸಾಮಾನ್ಯ ವರ್ಗಕ್ಕೆ ಮೂರು ವಿಷಯದವರೆಗೆ 1000 ರೂಪಾಯಿ, ಆಮೇಲೆ ಪ್ರತಿ ವಿಷಯಕ್ಕೆ 400. ಪ್ರಶ್ನೆ ಪತ್ರಿಕೆಯನ್ನು ಕನ್ನಡದಲ್ಲೂ ಕೇಳಬಹುದು.

ಪಠ್ಯ ಎನ್‌ಸಿಇಆರ್‌ಟಿಯ ಹನ್ನೆರಡನೇ ತರಗತಿಯದ್ದು. ಸೈನ್ಸ್ ಮಕ್ಕಳಿಗೆ ತೊಂದರೆ ಇಲ್ಲ, ನಮ್ಮ ಪಿಯುನಲ್ಲಿ ಓದೋದು ಅದೇ ಪುಸ್ತಕ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಹಾಗಲ್ಲ, ನಮ್ಮದು ರಾಜ್ಯದ ಪುಸ್ತಕ. ಎನ್‌ಸಿಇಆರ್‌ಟಿ ಪುಸ್ತಕಗಳನ್ನು ಬೇರೆ ತರಿಸಿ ಓದಬೇಕು. ವೆಬ್‌ಸೈಟಿನಲ್ಲಿ ಬಿಟ್ಟಿ ಸಿಗುತ್ತವೆ. ಆರ್ಟ್ಸ್ ವಿಷಯಕ್ಕೆ ಸಾವಿರಾರು ರೂಪಾಯಿಯ ಕೋಚಿಂಗ್ ಬೇಕು ಅಂತ ನನಗೆ ಅನ್ನಿಸೋದಿಲ್ಲ. ಆ ಪುಸ್ತಕವನ್ನು ಅಡಿಟಿಪ್ಪಣಿ, ಬಾಕ್ಸ್, ಚಿತ್ರದ ಕೆಳಗಿನ ಸಾಲು ಸಮೇತ ಮೂರು ನಾಲ್ಕು ಸಲ ಓದಿದ ಮಕ್ಕಳು ಚೆನ್ನಾಗಿಯೇ ಮಾಡುತ್ತಾರೆ.

ಆರನೇ ಹೆಜ್ಜೆ: ಕೈಯಲ್ಲಿ ಒಂದು ಸೀಟು ಇಟ್ಟುಕೊಂಡು ಕಾಯಿರಿ

ದಿನಾಂಕಗಳನ್ನು ನೋಡಿ. 2025ರಲ್ಲಿ ಪಿಯು ಫಲಿತಾಂಶ ಏಪ್ರಿಲ್ 8ಕ್ಕೆ ಬಂತು. ಸಿಯುಇಟಿ ನಡೆದದ್ದು ಮೇ ಮಧ್ಯದಿಂದ ಜೂನ್ ಮೊದಲ ವಾರದವರೆಗೆ. ಅದರ ಫಲಿತಾಂಶ ಜುಲೈ 4ಕ್ಕೆ. ಡಿಯು ಮೊದಲ ಪಟ್ಟಿ ಬಂದಾಗ ಜುಲೈ ಮೂರನೇ ವಾರ. ಅಷ್ಟರಲ್ಲಿ ಬೆಂಗಳೂರಿನ ಒಳ್ಳೆಯ ಕಾಲೇಜುಗಳು ಸೀಟು ತುಂಬಿ ಕ್ಲಾಸೂ ಶುರು ಮಾಡಿರುತ್ತವೆ.

ಹಾಗಾಗಿ ಊರಲ್ಲೊಂದು ಸೀಟು ಹಿಡಿದಿಡೋದು ಅನಿವಾರ್ಯ. ಫೀಸ್ ಕಟ್ಟಿದ ಮೇಲೆ ಬಿಟ್ಟರೆ ದುಡ್ಡು ಹೋಯಿತು ಅಂತ ಹೆದರಬೇಡಿ, ಇದಕ್ಕೆ ಯುಜಿಸಿಯ ಫೀಸ್ ವಾಪಸಾತಿ ನಿಯಮ ಇದೆ. 2024-25ರಲ್ಲಿ ಸೆಪ್ಟೆಂಬರ್ 30ರೊಳಗೆ ಸೀಟು ಬಿಟ್ಟವರಿಗೆ ಪೂರ್ತಿ ವಾಪಸು, ಅಕ್ಟೋಬರ್ 31ರವರೆಗೆ 1000 ರೂಪಾಯಿಗಿಂತ ಜಾಸ್ತಿ ಹಿಡಿಯದೆ ವಾಪಸು ಅಂತ ಹೇಳಿದ್ದರು. ನೀವು ಸೇರುವ ವರ್ಷದ ಸುತ್ತೋಲೆ ಹುಡುಕಿ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಮೂಲ ಮಾರ್ಕ್ಸ್ ಕಾರ್ಡನ್ನು ಕಾಲೇಜು ಒತ್ತೆ ಇಟ್ಟುಕೊಳ್ಳುವ ಹಾಗೂ ಇಲ್ಲ. ಆಫೀಸಿನಲ್ಲಿ "ನಮ್ಮಲ್ಲಿ ಹಾಗೆಲ್ಲ ಇಲ್ಲ" ಅನ್ನುತ್ತಾರೆ. ಸುತ್ತೋಲೆಯ ಪ್ರತಿ ಸೇರಿಸಿ ಅರ್ಜಿ ಕೊಟ್ಟು, ಕೊಟ್ಟಿದ್ದಕ್ಕೆ ಸೀಲು ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಸಾಕ್ಷಿ ಇರೋದಿಲ್ಲ. ಟಿಸಿ, ಪಿಯು ಮಂಡಳಿಯ ಮೈಗ್ರೇಷನ್ ಸರ್ಟಿಫಿಕೇಟ್ ಎರಡನ್ನೂ ಈ ಸಮಯದಲ್ಲೇ ತೆಗೆದುಕೊಂಡುಬಿಡಿ.

ಏಳನೇ ಹೆಜ್ಜೆ: ಪ್ರಿಫರೆನ್ಸ್ ತುಂಬೋದು

ಸಿಯುಇಟಿ ಬರೆದ ಮಾತ್ರಕ್ಕೆ ಡಿಯುಗೆ ಅರ್ಜಿ ಹಾಕಿದಂತೆ ಅಲ್ಲ. ಡಿಯುದೇ ಸಿಎಸ್‌ಎಎಸ್ ಅನ್ನುವ ಪೋರ್ಟಲ್ ಇದೆ, ಅಲ್ಲಿ ಬೇರೆ ನೋಂದಣಿ. ಸಾಮಾನ್ಯ, ಒಬಿಸಿ, ಇಡಬ್ಲ್ಯುಎಸ್‌ನವರಿಗೆ 250 ರೂಪಾಯಿ, ಎಸ್‌ಸಿ, ಎಸ್‌ಟಿ, ಅಂಗವಿಕಲರಿಗೆ 100. ಮೊದಲ ಹಂತದಲ್ಲಿ ವಿವರ. ಎರಡನೇ ಹಂತದಲ್ಲಿ ಯಾವ ಕಾಲೇಜು, ಯಾವ ಕೋರ್ಸು ಅಂತ ಜೋಡಿ ಜೋಡಿಯಾಗಿ, ಇಷ್ಟದ ಕ್ರಮದಲ್ಲಿ.

ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿಂದ ನೋಡುತ್ತಾ ಬರುತ್ತದೆ. ನಿಮ್ಮ ಅಂಕಕ್ಕೆ ಸಿಗುವ ಮೊದಲ ಜೋಡಿಯನ್ನು ಕೊಟ್ಟು ನಿಲ್ಲುತ್ತದೆ. ಆದ್ದರಿಂದ ಎಟುಕದ ಕಾಲೇಜನ್ನು ಮೇಲೆ ಹಾಕಿದರೆ ಕೆಳಗಿನದ್ದು ಕೈತಪ್ಪುತ್ತದೆ ಅನ್ನೋದು ಸುಳ್ಳು. ನಿಜವಾಗಿ ಯಾವುದು ಹೆಚ್ಚು ಇಷ್ಟವೋ ಅದನ್ನೇ ಮೇಲೆ ಹಾಕಿ. ಉದ್ದನೆ ಪಟ್ಟಿ ಹಾಕಿ, ಹತ್ತಿಪ್ಪತ್ತಕ್ಕೆ ನಿಲ್ಲಿಸಬೇಡಿ. ಎಸ್‌ಆರ್‌ಸಿಸಿ ಬಿ.ಕಾಂ., ಹಿಂದೂ ರಾಜ್ಯಶಾಸ್ತ್ರ ಇಂಥವಕ್ಕೆ ಸಾಮಾನ್ಯ ವರ್ಗದಲ್ಲಿ 1000ಕ್ಕೆ 900ರ ಮೇಲೆ ಬೇಕಾಗುತ್ತದೆ. ಹಿಂದಿನ ವರ್ಷದ ಕನಿಷ್ಠ ಅಂಕಗಳನ್ನು ಡಿಯು ತಾನೇ ಪ್ರಕಟಿಸುತ್ತದೆ. ಲಾಕ್ ಆಗುವ ಮುಂಚೆ ಒಂದು ಅಂದಾಜು ರ‍್ಯಾಂಕ್ ತೋರಿಸುತ್ತಾರೆ, ಅದನ್ನು ನೋಡಿ ಕ್ರಮ ಬದಲಿಸಲು ಸ್ವಲ್ಪ ಸಮಯ ಕೊಡುತ್ತಾರೆ.

ಪಟ್ಟಿ ಹಾಕುವಾಗ ಪಕ್ಕದಲ್ಲಿ ಮ್ಯಾಪ್ ತೆರೆದಿಟ್ಟುಕೊಳ್ಳಿ. ಹೆಸರಲ್ಲಿ ಎಲ್ಲವೂ ಡಿಯು. ಆದರೆ ಅದಿತಿ ಮಹಾವಿದ್ಯಾಲಯ ಇರೋದು ಬವಾನಾದಲ್ಲಿ, ಸ್ವಾಮಿ ಶ್ರದ್ಧಾನಂದ ಕಾಲೇಜು ಅಲೀಪುರದಲ್ಲಿ, ಭಗಿನಿ ನಿವೇದಿತಾ ನಜಫ್‌ಗಢ ಆಚೆ ಕೈರ್ ಹಳ್ಳಿಯಲ್ಲಿ. ದೆಹಲಿಯಲ್ಲೇ ಮನೆ ಇರುವವರಿಗೆ ಇವು ಸರಿ. ಹಾಸನದಿಂದ ಹೋಗುವ ಹುಡುಗಿಗೆ ಅಲ್ಲಿ ಪಿಜಿ ಹುಡುಕೋದು, ಸಂಜೆ ಬಸ್ಸಿಗೆ ಕಾಯೋದು ಬೇರೆಯೇ ಮಾತು. ಧೌಲಾ ಕುವಾಂ ಹತ್ತಿರದ ಶ್ರೀ ವೆಂಕಟೇಶ್ವರ ಕಾಲೇಜು ತಿರುಪತಿ ದೇವಸ್ಥಾನದವರದ್ದು, ದಕ್ಷಿಣದ ಮಕ್ಕಳಿಗೆ ಮೊದಲಿಂದಲೂ ಪರಿಚಿತ ಜಾಗ.

ಸೀಟು ಬಂದರೆ ಕೊಟ್ಟ ಸಮಯದೊಳಗೆ ಒಪ್ಪಿಕೊಳ್ಳಲೇಬೇಕು. ಸುಮ್ಮನಿದ್ದರೆ ಇಡೀ ಪ್ರಕ್ರಿಯೆಯಿಂದ ಹೊರಗೆ ಹೋಗುತ್ತೀರಿ. ಒಪ್ಪಿ, ಕಾಲೇಜು ದಾಖಲೆ ನೋಡಿ, ಫೀಸ್ ಕಟ್ಟಿದ ಮೇಲೆ ಎರಡು ಆಯ್ಕೆ: ಇದೇ ಸಾಕು ಅಂದರೆ ಫ್ರೀಜ್, ಮೇಲಿನದ್ದಕ್ಕೆ ಕಾಯುತ್ತೇನೆ ಅಂದರೆ ಅಪ್‌ಗ್ರೇಡ್. ಅಪ್‌ಗ್ರೇಡ್ ಸಿಕ್ಕಿದ ಕ್ಷಣ ಹಳೇ ಸೀಟು ಹೋಯಿತು. ಮತ್ತೆ ಅದೇ ಬೇಕು ಅಂದರೆ ಬರೋದಿಲ್ಲ. ಮೊದಲ ಸುತ್ತಿನಲ್ಲಿ ಸಿಗದವರು ಎದೆಗುಂದಬೇಡಿ, ಎರಡು ಮೂರನೇ ಸುತ್ತಿನಲ್ಲಿ ಬಹಳ ಚಲನೆ ಇರುತ್ತದೆ. ಕೊನೆಗೆ ಬರುವ ಸ್ಪಾಟ್ ಸುತ್ತಿನಲ್ಲಿ ಮಾತ್ರ ಸಿಕ್ಕಿದ್ದನ್ನು ತಗೊಳ್ಳಲೇಬೇಕು, ಬದಲಾಯಿಸಲು ಬರೋದಿಲ್ಲ. ಅಂದಹಾಗೆ ಅದೇ ಸಿಯುಇಟಿ ಅಂಕದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೂ, ನಮ್ಮ ಕಲಬುರಗಿ ಹತ್ತಿರದ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೂ ಅರ್ಜಿ ಹಾಕಬಹುದು. ಸಿಯುಇಟಿ ಫಾರಂ ತುಂಬುವಾಗಲೇ ಆ ಯೂನಿವರ್ಸಿಟಿಗಳನ್ನೂ ಆರಿಸಿಕೊಂಡಿರಿ.

ಎಂಟನೇ ಹೆಜ್ಜೆ: ರೂಮು ಹಿಡಿಯುವಾಗ

ಆಗಸ್ಟ್ ಮೊದಲ ವಾರ ಕ್ಲಾಸು. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ. ಆನ್‌ಲೈನಿನಲ್ಲಿ ಫೋಟೊ ನೋಡಿ ಮೂರು ತಿಂಗಳ ಅಡ್ವಾನ್ಸ್ ಕಳಿಸಬೇಡಿ. ಅಪ್ಪನೋ ಅಮ್ಮನೋ ಜೊತೆಗೆ ಹೋಗಿ, ಒಂದು ವಾರ ಸಾಧಾರಣ ಹೋಟೆಲಿನಲ್ಲಿದ್ದು, ನಡೆದು ಹುಡುಕಿ. ದಲ್ಲಾಳಿ ಇಲ್ಲದೆಯೂ ಸಿಗುತ್ತದೆ.

ಕೇಳಬೇಕಾದ ಮೊದಲ ಪ್ರಶ್ನೆ ಬಾಡಿಗೆಯ ಬಗ್ಗೆ ಅಲ್ಲ, ಕರೆಂಟಿನ ಬಗ್ಗೆ. ಬಹಳ ಪಿಜಿಗಳಲ್ಲಿ ರೂಮಿನ ಎಸಿಗೆ ಬೇರೆ ಮೀಟರ್ ಇರುತ್ತದೆ, ಯೂನಿಟ್ಟಿಗೆ ಮಾಲೀಕ ಹೇಳಿದ್ದೇ ರೇಟು. ಆಗಸ್ಟ್ ತಿಂಗಳ ಸೆಕೆಗೆ, ಏಪ್ರಿಲ್ ಮೇ ಬಿಸಿಲಿಗೆ ಎಸಿ ಇಲ್ಲದೆ ಓದೋದು ಕಷ್ಟ, ಹಾಗಾಗಿ ಈ ಬಿಲ್ಲು ಸಣ್ಣದಲ್ಲ. ರೇಟು ಎಷ್ಟು ಅಂತ ಕಾಗದದಲ್ಲಿ ಬರೆಸಿಕೊಳ್ಳಿ, ರೂಮಿಗೆ ಹೋದ ದಿನವೇ ಮೀಟರಿನ ಅಂಕಿ ಫೋಟೊ ಹೊಡೆದಿಟ್ಟುಕೊಳ್ಳಿ. ಆಮೇಲೆ ಕೇಳಿ: ಮಧ್ಯದಲ್ಲಿ ಬಿಟ್ಟರೆ ಅಡ್ವಾನ್ಸ್ ಏನಾಗುತ್ತದೆ, ಕಾಲೇಜಿಗೆ ರಜೆ ಇರುವ ತಿಂಗಳು ಪೂರ್ತಿ ಬಾಡಿಗೆ ಕೊಡಬೇಕಾ, ರಾತ್ರಿ ಗೇಟು ಎಷ್ಟಕ್ಕೆ ಹಾಕುತ್ತಾರೆ. ಅಡುಗೆಮನೆ ನೋಡದೆ ಊಟದ ದುಡ್ಡು ಕೊಡಬೇಡಿ. ವಾರದಲ್ಲಿ ಒಂದು ದಿನವಾದರೂ ಅನ್ನ ಸಾರು ಬೇಕು ಅನ್ನಿಸಿದಾಗ ಆರ್.ಕೆ. ಪುರಂನಲ್ಲಿ ದೆಹಲಿ ಕರ್ನಾಟಕ ಸಂಘ ಇದೆ. ಅನ್ನ ಸಾರು ಸಿಕ್ಕದಿದ್ದರೂ ಕನ್ನಡ ಮಾತಾಡುವವರಂತೂ ಸಿಗುತ್ತಾರೆ.

ಹಿಂದಿ ಬರಲ್ಲ ಅನ್ನೋ ಭಯ ಎರಡು ತಿಂಗಳಿನದ್ದು. ಹಾಜರಾತಿ ಭಯ ಮಾತ್ರ ಕೊನೆಯವರೆಗೂ ಇರಲಿ. ಮೂರರಲ್ಲಿ ಎರಡು ಭಾಗ ಕ್ಲಾಸಿಗೆ ಹೋಗಿರಬೇಕು ಅನ್ನೋದು ನಿಯಮ. ದೀಪಾವಳಿಗೆ ಊರಿಗೆ ಬಂದು ಎರಡು ವಾರ ಉಳಿಯುವ ಮುಂಚೆ ಅದನ್ನು ಎಣಿಸಿಕೊಳ್ಳಿ.

ಕೊನೆಗೆ, ಮೂರು ವರ್ಷವೋ ನಾಲ್ಕೋ

2022ರಲ್ಲಿ ಸೇರಿದವರಿಂದ ಡಿಯು ಡಿಗ್ರಿ ನಾಲ್ಕು ವರ್ಷದ್ದಾಗಿದೆ. ಆದರೆ ಮೂರಕ್ಕೇ ಡಿಗ್ರಿ ತಗೊಂಡು ಹೊರಬರಬಹುದು. ಕರ್ನಾಟಕ ಸರ್ಕಾರ 2024-25ರಿಂದ ನಮ್ಮ ಯೂನಿವರ್ಸಿಟಿಗಳಲ್ಲಿ ಮತ್ತೆ ಮೂರು ವರ್ಷದ ಡಿಗ್ರಿಗೇ ಬಂದಿದೆ, ಹಾಗಾಗಿ ಇಲ್ಲಿ ಓದಿದ ಗೆಳೆಯರು ಮೂರಕ್ಕೆ ಮುಗಿಸಿ ಎಂ.ಎ., ಎಂ.ಕಾಂ. ಸೇರಿರುತ್ತಾರೆ. ಅವರನ್ನು ನೋಡಿ ಗಾಬರಿ ಬೇಡ, ಆತುರವೂ ಬೇಡ. ನಾಲ್ಕನೇ ವರ್ಷ ಅಂದರೆ ಇನ್ನೊಂದು ವರ್ಷದ ಪಿಜಿ ಬಾಡಿಗೆ, ಅಂದರೆ ಮತ್ತೆ ಎರಡೂವರೆ ಮೂರು ಲಕ್ಷ. ವಿದೇಶದಲ್ಲಿ ಎಂ.ಎಸ್., ಸಂಶೋಧನೆ ಅಂತ ಯೋಚನೆ ಇದ್ದರೆ ಅದಕ್ಕೆ ಬೆಲೆ ಇದೆ. ನಾಲ್ಕು ವರ್ಷ ಮುಗಿಸಿದವರಿಗೆ ಸ್ನಾತಕೋತ್ತರವನ್ನು ಒಂದೇ ವರ್ಷದಲ್ಲಿ ಮುಗಿಸುವ ಅವಕಾಶ ಕೊಡುವ ವ್ಯವಸ್ಥೆಯೂ ಬಂದಿದೆ, ಆಗ ಒಟ್ಟು ವರ್ಷ ಅಷ್ಟೇ ಆಗುತ್ತದೆ. ಕೆಲಸಕ್ಕೆ ಹೋಗುವವರಿಗೆ, ಎಂಬಿಎ, ಎಲ್‌ಎಲ್‌ಬಿ, ಯುಪಿಎಸ್‌ಸಿ ಬರೆಯುವವರಿಗೆ ಮೂರು ಸಾಕು. ಐದನೇ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ಮನೆಯಲ್ಲಿ ಈ ಮಾತು ಎತ್ತಿ. ಪಿಜಿ ಮಾಲೀಕ ಮುಂದಿನ ವರ್ಷದ ಕರಾರು ಮುಂದಿಡೋದು ಅದಕ್ಕೆ ಸ್ವಲ್ಪ ಹಿಂದೆ ಮುಂದೆ.